ಬ್ಲೇಡು ಮನೆಯಲ್ಲೇ ಬಿಟ್ಟು ಬನ್ನಿ ಅಂದದ್ದು ಯಾಕೆ

ಮನಸ್ಸಿನ ತೊಂದರೆ ಇರುವವರ ಜೊತೆ ಮಾತಾಡಿ ದಾರಿ ಹುಡುಕುವ ಆಪ್ತಸಮಾಲೋಚನೆ ನನ್ನ ಕೆಲಸ. ಹೊಲಿಗೆ ಕೆಲಸದ ಹೆಣ್ಣುಮಕ್ಕಳು ನನ್ನ ಹತ್ತಿರ ಒಂದೇ ಥರದ ತೊಂದರೆ ಹೇಳಿಕೊಂಡು ಬರುವುದು ಜಾಸ್ತಿಯಾಗಿದೆ. ಕೈಯಲ್ಲಿ ಕಸುಬಿದೆ, ಆದರೆ ಕತ್ತರಿ ಹಿಡಿದರೆ ಎದೆ ಡವಡವ. ಅದಕ್ಕೇ ಒಬ್ಬರ ವಿಷಯ ಬರೆಯುತ್ತಿದ್ದೇನೆ. ಗುರುತು ಸಿಗದ ಹಾಗೆ ವಿವರ ಬದಲಿಸಿದ್ದೇನೆ.

ಬಾಗಲಕೋಟೆ ನವನಗರದವರು, ನಲವತ್ತರ ಆಸುಪಾಸು. ಇಳಕಲ್ ಸೀರೆಗೆ ಒಪ್ಪುವ ಗುಳೇದಗುಡ್ಡದ ಖಣದ ಕುಪ್ಪಸ ಹೊಲಿಯುವುದರಲ್ಲಿ ಹೆಸರು ಮಾಡಿದವರು. ಒಂದು ಮದುವೆ ಸೀಜನ್ನಿನಲ್ಲಿ ಒಂದು ಬ್ಲೌಸ್ ಕೆಟ್ಟಿತು, ಗಿರಾಕಿ ನಾಲ್ಕು ಜನರ ಮುಂದೆ ಬೈದರು. ಅಲ್ಲಿಂದ ಶುರು. ಅಳೆದದ್ದನ್ನೇ ಅಳೆಯುವುದು, ಹೊಲಿದದ್ದನ್ನು ರಾತ್ರಿ ಕೂತು ಬ್ಲೇಡಿನಿಂದ ಬಿಚ್ಚುವುದು.

ಮೊದಮೊದಲು ಬರೀ ಮಾತಾಯಿತು. ಮಾತು ಅವರ ತಲೆಗೆ ಹೋಗುತ್ತಿತ್ತು, ಕೈ ಕೇಳುತ್ತಿರಲಿಲ್ಲ. ಒಂದು ದಿನ ಅವರೇ ಅಂದರು: “ಅಕ್ಕಾರ, ಕತ್ತರಿ ಹಚ್ಚಿದ ಮ್ಯಾಲ ಬಟ್ಟಿ ವಾಪಸ್ ಬರೂದಿಲ್ರಿ. ಅದಕ್ಕ ಹೆದರಿಕಿ.”

ಉಳಿದ ತುಂಡು ಏನು ಮಾಡುತ್ತೀರಿ ಅಂತ ಕೇಳಿದೆ.

“ಚೀಲದಾಗ ತುಂಬಿ ಇಟ್ಟೀನ್ರಿ. ನಮ್ಮ ಅತ್ತಿ ಕೌದಿಗೆ ಬೇಕಂತಾರ.”

ಮುಂದಿನ ಸಲ ಆ ಚೀಲ, ಕತ್ತರಿ, ಸೂಜಿದಾರ ತನ್ನಿ; ಟೇಪು, ಚಾಕ್‌ಪೀಸು, ಬ್ಲೇಡು ಮನೆಯಲ್ಲೇ ಇರಲಿ ಅಂದೆ.

ಆ ದಿನ ಚೀಲದೊಳಗೆ ನೋಡದೆ ಎರಡು ತುಂಡು ತೆಗೆಯಲು ಹೇಳಿದೆ. ಹಸಿರು ಖಣದ ಒಂದು ಚೂರು, ಗುಲಾಬಿ ಬಣ್ಣದ ಲೈನಿಂಗ್ ಬಟ್ಟೆ. “ಅಳತಿ ಇಲ್ದ ಹೆಂಗ್ರಿ?” ಕೈಗೆ ಬಂದಂಗ ಜೋಡಿಸ್ರಿ ಅಂದೆ. ಒಂದು ಉದ್ದ, ಒಂದು ಗಿಡ್ಡ. ಹಾಗೇ ಇನ್ನೆರಡು ತುಂಡು ಸೇರಿದವು. ಆಮೇಲೆ ಜೋಡಿಸಿದ್ದನ್ನೇ ಅಡ್ಡ ಕತ್ತರಿಸಿ, ಒಂದು ಭಾಗ ತಿರುಗಿಸಿ ಮತ್ತೆ ಸೇರಿಸಲು ಹೇಳಿದೆ. ಹೊಲಿಗೆಗಳು ಒಂದಕ್ಕೊಂದು ಕೂಡಲಿಲ್ಲ. ಅಭ್ಯಾಸಬಲದಿಂದ ಕೈ ಬ್ಲೇಡು ಹುಡುಕಿತು.

ಕೊನೆಗೆ ಎರಡು ಬಟ್ಟೆ ಒಂದರ ಮೇಲೊಂದು ಇಟ್ಟು, ಎರಡನ್ನೂ ಒಟ್ಟಿಗೆ ಸೊಟ್ಟಗೆ ಬಳುಕಿಸಿ ಕತ್ತರಿಸಿದರು. ಇದರ ಅರ್ಧ, ಅದರ ಅರ್ಧ ಸೇರಿಸಿ ಹೊಲಿದಾಗ ನಡುವೆ ಉಬ್ಬಿಕೊಂಡಿತು. ಅವರು ನಿಲ್ಲಿಸಿದರು. ಹಣೆಯಲ್ಲಿ ಬೆವರು. ನಾನು ಬಾಯಿ ಬಿಡಲಿಲ್ಲ. ಸ್ವಲ್ಪ ಹೊತ್ತಾದ ಮೇಲೆ, “ಇಲ್ಲೊಂದು ಟಕ್ಸ್ ಹಿಡಿತೀನ್ರಿ” ಅಂದರು. ಉಬ್ಬಿದ ಕಡೆ ಚಿವುಟಿ ಹಿಡಿದು ಹೊಲಿದು ಅಂಗೈಯಿಂದ ಒತ್ತಿದರು. ಬಟ್ಟೆ ಕೂತಿತು. ಯಾರೂ ಎಣಿಸದ ಒಂದು ಗೆರೆ ಮೂಡಿತು. ಅದನ್ನೇ ನೋಡುತ್ತಾ, “ಬಿಚ್ಚಿದ್ರ ಈ ಗೆರಿ ಹೋಗತೈತ್ರಿ” ಅಂದರು.

ಅಷ್ಟು ದಿನದಲ್ಲಿ ಅವರ ಬಾಯಿಂದ ‘ಬಿಚ್ಚಬಾರದು’ ಅನ್ನುವ ಅರ್ಥದ ಮಾತು ಬಂದದ್ದು ಅದೇ ಮೊದಲು. ಕುಪ್ಪಸಕ್ಕೆ ಹಿಡಿಯುವ ಟಕ್ಸೇ ಇಲ್ಲಿ ದಾರಿ ತೋರಿಸಿತು, ಅಲ್ವಾ?

ಮನೆಯಲ್ಲಿ ಮಾಡಲು ಕೊಟ್ಟ ಸಲಹೆ ಇಷ್ಟೇ. ಮಧ್ಯಾಹ್ನ ಒಂದು ತಾಸು ಚಿಂದಿ ಹೊಲಿಯಿರಿ. ಟೇಪು ಬೇಡ. ತಪ್ಪಾಯಿತು ಅನಿಸಿದರೆ ಮೇಲೊಂದು ತುಂಡು ಹಚ್ಚಿ, ಇಲ್ಲವೇ ಅಷ್ಟು ಕತ್ತರಿಸಿ ಮುಂದೆ ಹೋಗಿ, ಬಿಚ್ಚಬೇಡಿ. ಮಾರಬೇಡಿ, ಸ್ಟೇಟಸ್ಸಿಗೆ ಹಾಕಬೇಡಿ.

ಗಂಡ ಬಂದು, “ಇದರಿಂದ ರೊಕ್ಕ ಏನ್ ಬರತೈತ್ರಿ?” ಅಂದರು. ಹೆದರಿಕೆಯಿಂದ ವಾಪಸ್ ಕಳಿಸಿದ ಆರ್ಡರುಗಳ ರೊಕ್ಕ ಲೆಕ್ಕ ಹಾಕಿ ನೋಡಿ ಅಂದೆ. ಪ್ರತಿ ಸಲ ಬಿಚ್ಚಿದಾಗ ಭಯ ಕೊಂಚ ಇಳಿಯುತ್ತದೆ. ಬಿಚ್ಚಿದ್ದಕ್ಕೇ ಬಚಾವಾದೆ ಅಂತ ಮನಸ್ಸು ಕಲಿಯುತ್ತದೆ. ಮುಂದಿನ ಸಲ ಭಯ ಇನ್ನೂ ಗಟ್ಟಿ. ಈ ಸುತ್ತು ಮುರಿಯಲು, ಕೆಡಿಸಿದರೂ ಏನೂ ಹೋಗದ ಬಟ್ಟೆ ಬೇಕು. ಚಿಂದಿಗಿಂತ ಒಳ್ಳೆಯದು ಯಾವುದಿದೆ? ಗಿರಾಕಿಯ ಬ್ಲೌಸನ್ನು ಅಂದಾಜಿನಲ್ಲಿ ಕತ್ತರಿಸಿ ಅಂತ ನಾನು ಯಾವತ್ತೂ ಹೇಳುವುದಿಲ್ಲ. ಅಲ್ಲಿ ಅಳತೆ ಬೇಕೇ ಬೇಕು.

ಆಟ ಆಡಿಸಿ ಫೀಸು ತಗೊಳ್ಳುತ್ತೀರಿ ಅಂದವರೂ ಇದ್ದಾರೆ. ಹೌದು, ಆಟವೇ. ನಮ್ಮ ಅಜ್ಜಿಯಂದಿರು ಹಳೆ ಸೀರೆ, ಧೋತರ ಹಾಸಿ, ಅಂಚಿನಿಂದ ಸುತ್ತುತ್ತಾ ನಡುವಿಗೆ ಬರುವಂತೆ ಕೌದಿ ಹೊಲಿದದ್ದು ಯಾವ ನಕ್ಷೆ ನೋಡಿ? ಅಮೆರಿಕದ ಅಲಬಾಮಾದ ಗೀಸ್ ಬೆಂಡ್ ಎಂಬ ಊರಿನ ಕಪ್ಪು ಹೆಣ್ಣುಮಕ್ಕಳು ಸವೆದ ಕೆಲಸದ ಬಟ್ಟೆಯಿಂದ ಮನಸ್ಸಿಗೆ ಬಂದಂತೆ ಹೊಲಿದ ಕೌದಿಗಳು 2002ರಲ್ಲಿ ಹ್ಯೂಸ್ಟನ್ನಿನ ಕಲಾ ಮ್ಯೂಸಿಯಂ ಗೋಡೆಯೇರಿದವು.

ನವನಗರದ ಆ ಹೆಣ್ಣುಮಗಳು ಈಗಲೂ ಬರುತ್ತಾರೆ. ಮದುವೆ ಆರ್ಡರು ಇನ್ನೂ ಹಿಡಿದಿಲ್ಲ, ದಿನಬಳಕೆಯ ಬ್ಲೌಸ್ ಹೊಲಿಯುತ್ತಿದ್ದಾರೆ. ಹೊಸ ಖಣಕ್ಕೆ ಕತ್ತರಿ ಹಚ್ಚುವ ಮುಂಚೆ ಈಗಲೂ ತಡೆಯುತ್ತಾರೆ. ರಾತ್ರಿ ಬಿಚ್ಚುವುದು ಮಾತ್ರ ಬಹಳ ಕಡಿಮೆಯಾಗಿದೆ.

ನೀವೂ ಮಾಡಿ ನೋಡುವುದಾದರೆ ಹತ್ತಿ ಬಟ್ಟೆಯಿಂದ ಶುರು ಮಾಡಿ. ರೇಷ್ಮೆಯ ಅಂಚು ಎಳೆ ಬಿಡುತ್ತದೆ, ಅರ್ಧ ಇಂಚು ಒಳಗೆ ಬಿಟ್ಟು ಹೊಲಿಯಿರಿ. ಆದರೆ ವಾರಗಟ್ಟಲೆ ನಿದ್ದೆ ಇಲ್ಲ, ಊಟ ಸೇರುತ್ತಿಲ್ಲ, ಸಾಯುವ ಯೋಚನೆ ಬರುತ್ತಿದೆ ಅನ್ನುವವರು ಸೂಜಿದಾರ ಹಿಡಿದು ಕೂರಬೇಡಿ. ನವನಗರದವರನ್ನೂ ಮೊದಲು ಇದೆಲ್ಲ ಕೇಳಿ, ಅಂಥದ್ದೇನೂ ಇಲ್ಲ ಅಂತ ಖಾತ್ರಿ ಮಾಡಿಕೊಂಡೇ ಚೀಲ ತರಿಸಿದ್ದು. ಟೆಲಿ ಮಾನಸ್ ಸಹಾಯವಾಣಿ 14416 ಹಗಲು ರಾತ್ರಿ ಇರುತ್ತದೆ, ದುಡ್ಡು ಕೊಡಬೇಕಿಲ್ಲ, ಕನ್ನಡದಲ್ಲೇ ಮಾತಾಡಬಹುದು. ಮೊದಲು ಅಲ್ಲಿಗೆ ಫೋನ್ ಮಾಡಿ.