ಕೈಪಟ್ಟಿ ಕಟ್ಟಿಕೊಂಡೇ ರ‍್ಯಾಮ್ ಕಳೆದುಕೊಂಡೆ

ಮೊದಲ ಬಾರಿ ಕಂಪ್ಯೂಟರ್ ಜೋಡಿಸಲು ಮೈಯ ಸ್ಥಿರ ವಿದ್ಯುತ್ತನ್ನು ಹರಿಸಿಬಿಡುವ ಆಂಟಿಸ್ಟ್ಯಾಟಿಕ್ ಕೈಪಟ್ಟಿ ಕೊಳ್ಳಲೇಬೇಕೇ, ರಬ್ಬರ್ ಕೈಗವಸು ಸಾಲದೇ ಎಂದು ಕೇಳಿದ್ದೀರಿ. ನಾನು ಪಟ್ಟಿಯನ್ನು ಕೊಂಡಿದ್ದೆ. ಅದು ಮಣಿಕಟ್ಟಿನಲ್ಲಿ ಬಿಗಿಯಾಗಿ ಇದ್ದಾಗಲೇ ನನ್ನ ರ‍್ಯಾಮ್ (ಕಂಪ್ಯೂಟರಿನ ತಾತ್ಕಾಲಿಕ ನೆನಪಿನ ಭಾಗ) ಹಾಳಾಯಿತು.

ಯಂತ್ರ ಜೋಡಿಸಿ ರಾತ್ರಿಯಿಡೀ ರ‍್ಯಾಮಿನ ದೋಷ ಹುಡುಕುವ ತಂತ್ರಾಂಶ ಮೆಮ್‌ಟೆಸ್ಟ್ ಓಡಿಸಿದ್ದೆ. ಎರಡು ರ‍್ಯಾಮ್‌ಗಳಲ್ಲಿ ಒಂದೇ ಒಂದು ದೋಷವೂ ಕಾಣಲಿಲ್ಲ. ಮರುದಿನ ಪ್ರೊಸೆಸರನ್ನು ತಣ್ಣಗಿಡುವ ದೊಡ್ಡ ಕೂಲರ್ ಕೂರಿಸುವಾಗ ಒಂದು ರ‍್ಯಾಮ್ ಅಡ್ಡ ಬಂತು. ಅದನ್ನು ತೆಗೆದು, ಗ್ರಾಫಿಕ್ಸ್ ಕಾರ್ಡ್ ಪೆಟ್ಟಿಗೆಯಿಂದ ಆಗಷ್ಟೇ ಎಳೆದು ಹೊರಗಿಟ್ಟಿದ್ದ ಬಿಳಿ ಥರ್ಮೋಕೋಲ್ ಮೇಲೆ ಇಟ್ಟೆ. ಮೆತ್ತಗಿದೆ, ಗೀರು ಬೀಳುವುದಿಲ್ಲ ಎಂಬುದಷ್ಟೇ ಆಗ ತಲೆಯಲ್ಲಿದ್ದದ್ದು.

ಆ ಒಂದು ತುಂಡು ಥರ್ಮೋಕೋಲ್ ಬಗ್ಗೆ ವಿವರವಾಗಿ ಹೇಳಲೇಬೇಕು. ಪೆಟ್ಟಿಗೆಗೆ ಉಜ್ಜಿಕೊಂಡು ಹೊರಬರುವಾಗಲೇ ಅದರ ಮೈಮೇಲೆ ಸಾವಿರಾರು ವೋಲ್ಟ್ ಸ್ಥಿರ ವಿದ್ಯುತ್ ಸೇರಬಹುದು. ಅದು ಅವಾಹಕವಾದ್ದರಿಂದ ಆ ವಿದ್ಯುದಾವೇಶ ಕೂತಲ್ಲೇ ಕೂತಿರುತ್ತದೆ, ತಂತಿ ಚುಚ್ಚಿದರೂ ಹರಿದುಹೋಗುವುದಿಲ್ಲ. ನನ್ನ ಪಟ್ಟಿ ಹರಿಸುತ್ತಿದ್ದುದು ನನ್ನ ಮೈಯ ಆವೇಶವನ್ನು ಮಾತ್ರ. ಥರ್ಮೋಕೋಲಿನ ವಿದ್ಯುತ್ ಕ್ಷೇತ್ರದಲ್ಲಿ ಮಲಗಿದ್ದ ರ‍್ಯಾಮಿನ ಲೋಹದ ಗೆರೆಗಳಲ್ಲಿ ಆವೇಶ ಅತ್ತಿತ್ತ ಸರಿದು ಕಾಯುತ್ತಿತ್ತು. ಎತ್ತಿಕೊಳ್ಳುವಾಗ ಅಂಚು ಹಿಡಿಯದೆ ಚಿನ್ನದ ಬಣ್ಣದ ತುದಿಗಳನ್ನೇ ಮುಟ್ಟಿದೆ. ನನ್ನ ಬೆರಳೇ ಅದಕ್ಕೆ ಹರಿಯುವ ದಾರಿಯಾಯಿತು.

ಕಿಡಿ ಕಾಣಲಿಲ್ಲ, ಚುರುಕ್ ಎನ್ನಲಿಲ್ಲ. ನಮ್ಮ ಚರ್ಮಕ್ಕೆ ಗೊತ್ತಾಗಬೇಕಾದರೆ ಸುಮಾರು 3,000 ವೋಲ್ಟ್ ಬೇಕು. ಕೆಲವು ಚಿಪ್‌ಗಳು 100 ವೋಲ್ಟ್‌ಗಿಂತ ಕಡಿಮೆಯಲ್ಲೇ ಕೆಡುತ್ತವೆ, ಏಕೆಂದರೆ ಒಳಗಿನ ಟ್ರಾನ್ಸಿಸ್ಟರಿನ ಆಕ್ಸೈಡ್ ಪದರದ ದಪ್ಪ ಕೆಲವೇ ನ್ಯಾನೋಮೀಟರ್.

ನನ್ನ ರ‍್ಯಾಮ್ ಆಗಲೇ ಸತ್ತಿದ್ದರೆ ಪುಣ್ಯವಾಗುತ್ತಿತ್ತು. ಆದರೆ ಯಂತ್ರ ಚೆನ್ನಾಗಿಯೇ ಚಾಲೂ ಆಯಿತು. ಹಳೆಯ ಡಿಸ್ಕಿನಲ್ಲಿದ್ದ ಚಿತ್ರಗಳನ್ನೆಲ್ಲ ಹೊಸದಕ್ಕೆ ನಕಲು ಮಾಡಿ, ಹಳೆಯದನ್ನು ಅಳಿಸಿದೆ. ನಕಲಾಗುವ ಪ್ರತಿ ಚಿತ್ರವೂ ರ‍್ಯಾಮ್ ಮೂಲಕವೇ ಹಾದುಹೋಗುತ್ತದೆ. ಮೂರು ವಾರಗಳ ನಂತರ ತೆರೆದು ನೋಡಿದರೆ ಅಪ್ಪನ ಕೊನೆಯ ವರ್ಷದ ಎಷ್ಟೋ ಚಿತ್ರಗಳಲ್ಲಿ ಕೆಳಗಿನ ಅರ್ಧ ಬರಿಯ ಬೂದು. ಮೆಮ್‌ಟೆಸ್ಟ್ ಮತ್ತೆ ಓಡಿಸಿದಾಗ ಕೆಂಪು ಸಾಲುಗಳು ತುಂಬಿಕೊಂಡವು. ಆ ರ‍್ಯಾಮನ್ನು ಬೇರೆ ಸ್ಲಾಟಿಗೆ ಹಾಕಿದರೆ ದೋಷವೂ ಅದರ ಹಿಂದೆಯೇ ಹೋಯಿತು.

ಹಾಗಾಗಿ ಪಟ್ಟಿಯೋ ಕೈಗವಸೋ ಎಂಬ ಪ್ರಶ್ನೆಯನ್ನೇ ನಾನು ಒಪ್ಪುವುದಿಲ್ಲ. ಬಿಚ್ಚಿದ ಭಾಗವನ್ನು ಎಲ್ಲಿ ಇಡುತ್ತೀರಿ ಎಂಬುದನ್ನು ಮೊದಲು ತೀರ್ಮಾನಿಸಿ. ಥರ್ಮೋಕೋಲ್, ಪ್ಲಾಸ್ಟಿಕ್ ಹಾಳೆ, ಉಣ್ಣೆಯ ಹೊದಿಕೆ ಇವನ್ನೆಲ್ಲ ಮೇಜಿನಿಂದ ದೂರ ತಳ್ಳಿ. ಭಾಗ ಬಂದ ಬೆಳ್ಳಿ ಬಣ್ಣದ ಚೀಲವನ್ನು ಎಸೆಯಬೇಡಿ, ತೆಗೆದದ್ದನ್ನು ಅದರೊಳಗೇ ಇಡಿ. ಚೀಲದ ಮೇಲೆ ಇಡುವವರನ್ನು ನೋಡಿದ್ದೇನೆ, ಆ ಚೀಲ ಕಾಪಾಡುವುದು ಒಳಗಿದ್ದುದನ್ನು ಮಾತ್ರ. ರಬ್ಬರ್ ಕೈಗವಸು ಖಂಡಿತ ಬೇಡ, ಅದೂ ಅವಾಹಕವೇ, ಉಜ್ಜಿದಷ್ಟೂ ಆವೇಶ ಕೂಡಿಕೊಳ್ಳುತ್ತದೆ.

ಪಟ್ಟಿ ಕೊಳ್ಳುವುದಾದರೆ ತಂತಿ ಇರುವುದನ್ನೇ ಕೊಳ್ಳಿ. ತಂತಿಯಿಲ್ಲದ ಪಟ್ಟಿ ಶುದ್ಧ ಮೋಸ. ಒಳ್ಳೆಯ ಪಟ್ಟಿಯಲ್ಲಿ 1 ಮೆಗಾಓಮ್ ರೆಸಿಸ್ಟರ್ ಇರುತ್ತದೆ, ಅದು ಇರುವುದು, ತಪ್ಪಿ ವಿದ್ಯುತ್ ತಗುಲಿದರೆ ಹರಿವನ್ನು ತಗ್ಗಿಸಿ ನಿಮ್ಮ ಜೀವ ಕಾಯಲು. ಕ್ಲಿಪ್ಪನ್ನು ಕ್ಯಾಬಿನೆಟ್ಟಿನ ಬಣ್ಣ ಬಳಿಯದ ಲೋಹಕ್ಕೆ ಸಿಕ್ಕಿಸಿ. ಪಟ್ಟಿ ಇಲ್ಲದಿದ್ದರೆ ಎದ್ದು ಓಡಾಡಿ ಬಂದಾಗಲೆಲ್ಲ ಆ ಲೋಹವನ್ನು ಮತ್ತೆ ಮುಟ್ಟಿ, ಬೆಳಗ್ಗೆ ಒಮ್ಮೆ ಮುಟ್ಟಿದ್ದು ಲೆಕ್ಕಕ್ಕಿಲ್ಲ. ಪ್ಲಗ್ಗನ್ನು ಪೂರ್ತಿ ಕಿತ್ತಿಡಿ, ಕಂಪ್ಯೂಟರ್ ಆರಿಸಿದ್ದರೂ ಮದರ್‌ಬೋರ್ಡಿಗೆ 5 ವೋಲ್ಟ್ ಹರಿಯುತ್ತಲೇ ಇರುತ್ತದೆ.

ಯಾವುದೇ ಭಾಗವನ್ನು ತೆಗೆದು ಮತ್ತೆ ಹಾಕಿದ ದಿನ ರಾತ್ರಿ ಮೆಮ್‌ಟೆಸ್ಟ್ ಓಡಿಸಿ, ಹಿಂದಿನ ದಿನ ಓಡಿಸಿದ್ದರೂ ಸರಿ. ಅದು ಮುಗಿದು, ನಕಲು ಮಾಡಿದ ಚಿತ್ರಗಳನ್ನು ತೆರೆದು ನೋಡುವ ತನಕ ಹಳೆಯ ಡಿಸ್ಕನ್ನು ಅಳಿಸಬೇಡಿ.