ಮುಟ್ಟು ನಿಲ್ಲುವ ಕಾಲವೋ, ಖಿನ್ನತೆಯೋ?

ದಾವಣಗೆರೆ ಕಡೆಯ ಓದುಗರೊಬ್ಬರ ಪತ್ರದ ಸಾರ: "ನನಗೆ 47. ಒಂದು ವರ್ಷದಿಂದ ಮುಟ್ಟು ಏರುಪೇರಾಗಿದೆ. ರಾತ್ರಿ ಮೈಯೆಲ್ಲ ಬೆವೆತು ಎಚ್ಚರವಾಗುತ್ತದೆ. ಈಚೆಗೆ ಯಾವುದರಲ್ಲೂ ಮನಸ್ಸಿಲ್ಲ. ದಿನಾ ಸಂಜೆ ಮಲ್ಲಿಗೆ ಕಟ್ಟುತ್ತಿದ್ದವಳು ನಾನು. ಈಗ ಮೊಗ್ಗು ಬುಟ್ಟಿಯಲ್ಲೇ ಅರಳಿ ಹೋಗುತ್ತದೆ. ಎಲ್ಲಾದರೂ ಹೋಗಿಬಿಡೋಣ ಎನಿಸುತ್ತದೆ. ಮನೆಯವರು 'ಈ ವಯಸ್ಸಿಗೆ ಎಲ್ಲರಿಗೂ ಇದ್ದದ್ದೇ' ಎನ್ನುತ್ತಾರೆ. ತಂಗಿ ತಾನು ನುಂಗುವ ನಿದ್ದೆ ಮಾತ್ರೆ ಕೊಟ್ಟಿದ್ದಾಳೆ. ಇದು ಮುಟ್ಟು ನಿಲ್ಲುವ ಕಾಲದ್ದೋ, ಖಿನ್ನತೆಯೋ? ಯಾವ ಡಾಕ್ಟರ ಬಳಿ ಹೋಗಲಿ?"

ಅಕ್ಕ, ಮೊದಲು ಆ ಮಾತ್ರೆಯನ್ನು ತಂಗಿಗೇ ಹಿಂತಿರುಗಿಸಿ.

"ಎಲ್ಲಾದರೂ ಹೋಗಿಬಿಡೋಣ" ಎಂದಿದ್ದೀರಿ. ತವರಿನಲ್ಲಿ ನಾಲ್ಕು ದಿನ ಇದ್ದು ಬರುವ ಆಸೆಯಾದರೆ ಸರಿ. ಬದುಕೇ ಬೇಡ ಎಂಬ ಅರ್ಥವಾದರೆ ಈ ಉತ್ತರವನ್ನು ಬದಿಗಿಟ್ಟು ಈಗಲೇ 14416ಕ್ಕೆ ಕರೆ ಮಾಡಿ. ಅದು ಸರ್ಕಾರದ ಟೆಲಿ ಮಾನಸ್ ಸಹಾಯವಾಣಿ. ಹಗಲು ರಾತ್ರಿ ಯಾವಾಗ ಬೇಕಾದರೂ ಉಚಿತವಾಗಿ, ಕನ್ನಡದಲ್ಲೇ ಮಾತನಾಡಬಹುದು. ಮನೆಯಲ್ಲಿ ಒಬ್ಬರಿಗಾದರೂ ಬಾಯಿಬಿಟ್ಟು ಹೇಳಿ.

ನಿಮ್ಮ ಪತ್ರದಲ್ಲಿ ಬೆವರಿಗಿಂತ ಮಲ್ಲಿಗೆಯ ಮಾತೇ ನನ್ನನ್ನು ಹೆಚ್ಚು ಕಾಡಿತು. ಎದೆಯಿಂದ ಕುತ್ತಿಗೆಗೆ, ಮುಖಕ್ಕೆ ಬಿಸಿ ಏರುವುದು, ಕೆಲವೇ ನಿಮಿಷದಲ್ಲಿ ಬೆವೆತು ಮೈ ತಣ್ಣಗಾಗುವುದು, ಮುಟ್ಟು ಹಿಂದುಮುಂದಾಗುವುದು ಋತುಬಂಧ ಹತ್ತಿರವಾದಾಗಿನ ಲಕ್ಷಣಗಳು. ನಿದ್ದೆಗೆಟ್ಟ ಮರುದಿನ ಸಣ್ಣ ಮಾತಿಗೂ ಸಿಡುಕು ಬರುತ್ತದೆ. ಆದರೆ ಚೆನ್ನಾಗಿ ನಿದ್ದೆ ಬಂದ ದಿನ ಆ ಸಿಡುಕು ಬಹುಪಾಲು ಇಳಿದಿರುತ್ತದೆ. ಖಿನ್ನತೆ ಹಾಗೆ ಬಂದು ಹೋಗುವುದಲ್ಲ. ಎರಡು ವಾರಕ್ಕೂ ಮೇಲ್ಪಟ್ಟು, ಹೆಚ್ಚುಕಡಿಮೆ ದಿನವೂ, ದಿನದ ಬಹುಭಾಗ ಮನಸ್ಸು ಕುಗ್ಗಿಯೇ ಇರುವುದು, ಇಷ್ಟದ ಕೆಲಸವೂ ಬೇಡವಾಗುವುದು, "ನನ್ನಿಂದ ಯಾರಿಗೇನು ಉಪಯೋಗ" ಎಂದು ತನ್ನನ್ನೇ ಹಳಿದುಕೊಳ್ಳುವುದು ಖಿನ್ನತೆಯ ಗುರುತು. ಆಯಾಸ, ಮರೆವು, ನಿದ್ರಾಹೀನತೆ ಎರಡರಲ್ಲೂ ಇರುವುದರಿಂದ ಅವನ್ನು ಹಿಡಿದು ತೀರ್ಮಾನಿಸಬೇಡಿ.

ಇದೋ ಅದೋ ಎಂದು ಕೇಳಿದ್ದೀರಿ. ಎರಡೂ ಒಟ್ಟಿಗೆ ಇರಬಹುದು. ಹಾರ್ಮೋನ್ ಏರಿಳಿಯುವ ಈ ವರ್ಷಗಳಲ್ಲಿ ಖಿನ್ನತೆಯ ಸಾಧ್ಯತೆ ಹೆಚ್ಚು, ಹಿಂದೊಮ್ಮೆ ಖಿನ್ನತೆ ಬಂದಿದ್ದವರಿಗಂತೂ ಇನ್ನೂ ಹೆಚ್ಚು. ಬಾಣಂತನದಲ್ಲಿ ಮನಸ್ಸು ಕುಸಿದಿದ್ದರೆ ಡಾಕ್ಟರಿಗೆ ತಪ್ಪದೆ ಹೇಳಿ. ಥೈರಾಯ್ಡ್ ತೊಂದರೆ, ರಕ್ತಹೀನತೆ, ಬಿ12 ಕೊರತೆಯೂ ಇದೇ ವೇಷದಲ್ಲಿ ಬರುತ್ತವೆ. ಅದಕ್ಕೆ ರಕ್ತ ಪರೀಕ್ಷೆ ಬೇಕು. ದುಬಾರಿ ಹಾರ್ಮೋನ್ ಪರೀಕ್ಷೆ 45 ದಾಟಿದವರಿಗೆ ಸಾಮಾನ್ಯವಾಗಿ ಬೇಕಾಗುವುದಿಲ್ಲ.

ಮೊದಲು ಸ್ತ್ರೀರೋಗ ತಜ್ಞರನ್ನು ಕಾಣಿ, ಈ ವಾರವೇ. ಅವರು ಮುಟ್ಟಿನ ಬಗ್ಗೆ ಮಾತ್ರ ಕೇಳಿದರೆ ಅಷ್ಟಕ್ಕೇ ಉತ್ತರಿಸಿ ಎದ್ದು ಬರಬೇಡಿ, ಮಲ್ಲಿಗೆಯ ಮಾತನ್ನೂ ಹೇಳಿ. ಹಾಲಿನ ಲೆಕ್ಕ ಬರೆಯುವ ಕ್ಯಾಲೆಂಡರಿನಲ್ಲೇ ಮುಟ್ಟು, ಬೆವರು, ನಿದ್ದೆ, ಮನಸ್ಸು ಹೇಗಿತ್ತೆಂದು ದಿನವೂ ಗುರುತು ಹಾಕಿ ಒಯ್ಯಿರಿ. ಮನೋವೈದ್ಯರ ಬಳಿ ಕಳುಹಿಸಿದರೆ ಅವಮಾನವೆಂದುಕೊಳ್ಳಬೇಡಿ. ಜಿಲ್ಲಾ ಆಸ್ಪತ್ರೆಯಲ್ಲೂ ಅವರಿರುತ್ತಾರೆ.

ಚಿಕಿತ್ಸೆಗೆ ಹೆದರಬೇಕಿಲ್ಲ. ಬಿಸಿ, ಬೆವರು ತಗ್ಗಿಸಲು ಕೊಡುವ ಹಾರ್ಮೋನ್ ಚಿಕಿತ್ಸೆಯ ಬಗ್ಗೆ ಭಯ ಹಬ್ಬಿದ್ದು 2002ರ ಅಮೆರಿಕದ ಅಧ್ಯಯನದಿಂದ. ಅದರಲ್ಲಿದ್ದವರ ಸರಾಸರಿ ವಯಸ್ಸು 63. ಅರವತ್ತರೊಳಗಿನ ಆರೋಗ್ಯವಂತ ಮಹಿಳೆಯರ ಲೆಕ್ಕವೇ ಬೇರೆ. ಸ್ತನ ಕ್ಯಾನ್ಸರ್ ಬಂದಿದ್ದವರಿಗೆ, ಕಾಲಿನಲ್ಲೋ ಶ್ವಾಸಕೋಶದಲ್ಲೋ ರಕ್ತ ಹೆಪ್ಪುಗಟ್ಟಿದ್ದವರಿಗೆ ಸಾಮಾನ್ಯವಾಗಿ ಅದನ್ನು ಕೊಡುವುದಿಲ್ಲ. ಖಿನ್ನತೆಯ ಕೆಲವು ಮಾತ್ರೆಗಳು ಮೈ ಬಿಸಿಯೇರುವುದನ್ನೂ ತಗ್ಗಿಸುತ್ತವೆ. ಅವು ನಿದ್ದೆ ಮಾತ್ರೆಗಳಲ್ಲ. ಗುಣ ಕಾಣಲು ಕೆಲವು ವಾರ ಬೇಕು, ತಾವಾಗಿಯೇ ನಿಲ್ಲಿಸಬಾರದು. ಆಪ್ತಸಮಾಲೋಚನೆಯೂ ಚಿಕಿತ್ಸೆಯೇ.

"ಗರ್ಭಕೋಶ ತೆಗೆಸಿಬಿಡಿ, ಎಲ್ಲ ಸರಿಹೋಗುತ್ತದೆ" ಎನ್ನುವವರು ನಮ್ಮ ಊರುಗಳಲ್ಲಿ ಬೇಕಾದಷ್ಟಿದ್ದಾರೆ. ಅದರಿಂದ ಖಿನ್ನತೆ ಹೋಗುವುದಿಲ್ಲ. ಜೊತೆಗೆ ಅಂಡಾಶಯವನ್ನೂ ತೆಗೆದರೆ ವರ್ಷಗಟ್ಟಲೆ ನಿಧಾನವಾಗಿ ಆಗಬೇಕಾದ ಬದಲಾವಣೆ ಒಂದೇ ದಿನದಲ್ಲಿ ಆಗಿ ಬಿಸಿ, ಬೆವರು ಇನ್ನೂ ಜೋರಾಗಬಹುದು. ಯಾರಾದರೂ ಹಾಗೆಂದರೆ ಕಾರಣವನ್ನು ಬರೆಸಿಕೊಂಡು ಇನ್ನೊಬ್ಬ ಡಾಕ್ಟರಿಗೆ ತೋರಿಸಿ.