ಹಸುವಿನ ಮಿನರಲ್ ಮಿಕ್ಸ್ಚರ್ ಮೊಲಕ್ಕೆ ದಿನಾ ಕೊಡಬಹುದಾ?

ಹಸುವಿಗೆ ತಂದ ಮಿನರಲ್ ಮಿಕ್ಸ್ಚರನ್ನು (ಖನಿಜಗಳ ಪುಡಿ) ಪೆಲೆಟ್ (ಗುಳಿಗೆಯಂಥ ಸಿದ್ಧ ಮೇವು) ಜೊತೆ ಮೊಲಗಳಿಗೂ ದಿನಕ್ಕೊಂದು ಚಮಚ ಹಾಕುತ್ತಿದ್ದೇನೆ, ಜಾಸ್ತಿಯಾದರೆ ತೊಂದರೆಯಾ ಅಂತ ಕೇಳಿದ್ದೀರಿ. ತೊಂದರೆ ಖಂಡಿತ ಇದೆ. ದಯವಿಟ್ಟು ಇವತ್ತೇ ನಿಲ್ಲಿಸಿಬಿಡಿ.

ನಾನೂ ಮೊಲ ಸಾಕುವವನು. ಒಮ್ಮೆ ಲೆಕ್ಕ ಹಾಕಿ ನೋಡಿ. ಚೀಲದ ಮೇಲೆ ಕ್ಯಾಲ್ಸಿಯಂ 20%, ತಾಮ್ರ 0.1% ಅಂತ ಇದ್ದರೆ, 5 ಗ್ರಾಂ ಚಮಚದಲ್ಲಿ 1 ಗ್ರಾಂ ಕ್ಯಾಲ್ಸಿಯಂ, 5 ಮಿಲಿಗ್ರಾಂ ತಾಮ್ರ ಹೋಯಿತು. ದಿನಕ್ಕೆ 100 ಗ್ರಾಂ ಮೇವು ತಿನ್ನುವ, ಬೆಳೆಯುತ್ತಿರುವ ಮೊಲಕ್ಕೆ 0.4 ಗ್ರಾಂ ಕ್ಯಾಲ್ಸಿಯಂ, ಹೆಚ್ಚೆಂದರೆ 1 ಮಿಲಿಗ್ರಾಂ ತಾಮ್ರ ಸಾಕು. ಒಳ್ಳೆ ಪೆಲೆಟ್‌ನಲ್ಲಿ ಅಷ್ಟು ಮೊದಲೇ ಇರುತ್ತದೆ.

ಇದರಲ್ಲಿ ಮೊದಲು ಕಾಡುವುದು ಕ್ಯಾಲ್ಸಿಯಂ. ಹಸು, ನಾಯಿ, ಮನುಷ್ಯರ ಕರುಳು ಬೇಕಾದಷ್ಟನ್ನೇ ಹೀರಿಕೊಂಡು ಉಳಿದದ್ದನ್ನು ಸಗಣಿ, ಮಲದಲ್ಲಿ ಬಿಡುತ್ತದೆ. ಮೊಲದ ಕರುಳು ಹಾಗಲ್ಲ, ತಿಂದದ್ದರಲ್ಲಿ ಬಹುಪಾಲು ಒಳಗೆ ಎಳೆದುಕೊಳ್ಳುತ್ತದೆ. ಹೆಚ್ಚಾದದ್ದು ಮೂತ್ರಪಿಂಡದ ಮೂಲಕವೇ ಹೋಗಬೇಕು. ಅದಕ್ಕೇ ಮೊಲದ ಮೂತ್ರ ಸ್ವಲ್ಪ ಬಿಳಿಚಾಗಿ, ಕದಡಿದಂತೆ ಇರುವುದು ಸಹಜ. ಆದರೆ ಗೂಡಿನ ಕೆಳಗಿನ ತಟ್ಟೆಯಲ್ಲಿ ಸುಣ್ಣದ ಗಸಿಯಂತೆ ದಪ್ಪಗೆ ಕೂತಿದೆಯಾ, ಒಣಗಿದ ಮೇಲೆ ಬೆರಳಿಗೆ ಮರಳು ಸಿಕ್ಕಂತೆ ಆಗುತ್ತದಾ ನೋಡಿ. ಹಿಂದಿನ ತೊಡೆ ಸದಾ ಒದ್ದೆ, ಬೆನ್ನು ಬಾಗಿಸಿ ತಿಣುಕುವುದು, ಹಲ್ಲು ಕಡಿಯುವುದು ಇದ್ದರೆ ತಡ ಮಾಡದೆ ಪಶುವೈದ್ಯರಿಗೆ ತೋರಿಸಿ. ಕಲ್ಲಾಗಿದ್ದರೆ ಎಕ್ಸ್‌ರೇಯಲ್ಲಿ ಕಾಣುತ್ತದೆ.

ತಾಮ್ರದ ವಿಷಯದಲ್ಲಿ ಮೊಲ ಕುರಿಗಿಂತ ಗಟ್ಟಿ. ಬೇಗ ಬೆಳೆಯಲಿ ಅಂತ ಮೊಲದ ಮೇವಿಗೆ ಮೈಲುತುತ್ತ (ತಾಮ್ರದ ಸಲ್ಫೇಟ್) ಬೆರೆಸುತ್ತಿದ್ದದ್ದೂ ಉಂಟು. ಅದನ್ನು ಓದಿಕೊಂಡು ತೋಟಕ್ಕೆ ತಂದ ಮೈಲುತುತ್ತಕ್ಕೆ ಮಾತ್ರ ಕೈ ಹಾಕಬೇಡಿ. ಅಳತೆ ತಪ್ಪಿದರೆ ತಾಮ್ರ ಪಿತ್ತಜನಕಾಂಗದಲ್ಲಿ ಸೇರುತ್ತಾ ಹೋಗುತ್ತದೆ.

ಗಬ್ಬದ ಮೊಲ ಇದ್ದರೆ ಅಯೋಡಿನ್ ಬಗ್ಗೆ ಹುಷಾರು. ಮೇವಿನಲ್ಲಿ ಇದು ಕಿಲೋಗೆ 0.2 ಮಿಲಿಗ್ರಾಂನಷ್ಟಿದ್ದರೆ ಸಾಕು. ಮರಿ ಹಾಕುವ ಮುಂಚಿನ ಕೆಲವೇ ದಿನ ಕಿಲೋಗೆ 250 ಮಿಲಿಗ್ರಾಂ ಮತ್ತು ಅದಕ್ಕೂ ಹೆಚ್ಚು ಕೊಟ್ಟು ನೋಡಿದ ಪ್ರಯೋಗದಲ್ಲಿ ಹುಟ್ಟಿದ ಮರಿಗಳು ಬಹಳ ಸತ್ತವು. ನಿಮ್ಮ ಒಂದು ಚಮಚದಿಂದ ಅಷ್ಟಾಗುವುದಿಲ್ಲ, ಗಾಬರಿ ಬೇಡ. ಆದರೂ ತಾಯಿ ತಡೆದುಕೊಳ್ಳುವಷ್ಟನ್ನು ಹೊಟ್ಟೆಯಲ್ಲಿರುವ ಮರಿ ತಡೆಯಲ್ಲ ಅನ್ನುವುದು ನೆನಪಿರಲಿ.

ಸತುವೂ ಅತಿಯಾಗಬಾರದು, ಅದು ಬರುವುದು ಮೇವಿನಿಂದ ಮಾತ್ರ ಅಲ್ಲ. ಸತುವಿನ ಲೇಪದ ತಂತಿ ಗೂಡನ್ನು ಮೊಲ ದಿನಾ ಕಡಿಯುತ್ತಿದ್ದರೆ ಅದೂ ಹೊಟ್ಟೆಗೆ ಹೋಗುತ್ತದೆ. ಕಡಿಯಲು ಬೇವಿನ ಕಡ್ಡಿಯೋ ಹಿಪ್ಪುನೇರಳೆ ಕಡ್ಡಿಯೋ ಹಾಕಿ.

ಇನ್ನೊಂದು ಮಾತು. ತನ್ನದೇ ಮೆತ್ತನೆಯ ಹಿಕ್ಕೆ ತಿನ್ನುತ್ತದೆ, ಖನಿಜ ಕಮ್ಮಿ ಆಗಿರಬೇಕು ಅಂತ ಕೆಲವರು ಪುಡಿ ಶುರು ಮಾಡುತ್ತಾರೆ. ಆರೋಗ್ಯವಾಗಿರುವ ಮೊಲವೂ ಅದನ್ನು ತಿನ್ನಲೇಬೇಕು, ಅದು ಕೊರತೆಯ ಲಕ್ಷಣ ಅಲ್ಲ.

ಈಗ ಹುಲ್ಲು ಎಷ್ಟು ತಿಂದರೂ ಸಿಗುವಂತೆ ಇಡಿ, ಪೆಲೆಟ್ ಅಳತೆಯಲ್ಲಿ ಕೊಡಿ. ಕುದುರೆ ಮೆಂತೆ ಸೊಪ್ಪಿನಲ್ಲಿ ಕ್ಯಾಲ್ಸಿಯಂ ಜಾಸ್ತಿ, ಬೆಳೆದ ಮೊಲಕ್ಕೆ ಸ್ವಲ್ಪ ದಿನ ಅದನ್ನು ಕಮ್ಮಿ ಮಾಡಿ. ನೀರಂತೂ ರಾತ್ರಿಯೂ ಖಾಲಿಯಾಗಬಾರದು.